ತವರಿನ ದಾರಿಯಲ್ಲಿ ಒಂದು ಸೊಳ್ಳೆ

2023ನೆಯ ಇಸವಿ ನವೆಂಬರ್ ತಿಂಗಳ ಮೊದಲ ವಾರ. ದೀಪಾವಳಿಗೆ ಇನ್ನು ಹತ್ತು ದಿನವೂ ಉಳಿದಿರಲಿಲ್ಲ. ಬೆಳಗಿನ ಎರಡನೆಯ ಕಾಫಿಗೆ ಕೈಹಾಕುವ ಹೊತ್ತಿಗೆ ಕುಂದಾಣದಿಂದ ನನ್ನ ತಮ್ಮನ ಟೆಲಿಫೋನು ಬಂತು. “ಅಣ್ಣಯ್ಯ, ಪೇಪರು ನೋಡಿದಿರಾ?” ಎಂದ. ನೋಡಿದ್ದೆ. ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಯಲ್ಲಿ ಝಿಕಾ ಎಂಬ ವೈರಾಣು ಪತ್ತೆಯಾಗಿದೆ ಎಂಬ ಸುದ್ದಿ ನನ್ನ ಕಣ್ಣಿಗೂ ಬಿದ್ದಿತ್ತು. ಕಣ್ಣಿನಿಂದ ಕೆಳಕ್ಕೆ ಇಳಿದಿರಲಿಲ್ಲ, ಅಷ್ಟೆ. ತಮ್ಮನಿಗೆ ಅದು ಎದೆಗೆ ಇಳಿದಿತ್ತು. ಮೈಸೂರಿಗೆ ಕೊಟ್ಟಿರುವ ಅವನ ಮಗಳಿಗೆ ಚೊಚ್ಚಲು. ಆಗತಾನೆ ಮೂರು ತಿಂಗಳು ತುಂಬಿತ್ತು. ಹಬ್ಬಕ್ಕೆ ಬರುತ್ತೇನೆ ಎಂದು ಹೇಳಿಕಳುಹಿಸಿದ್ದಳು. ಅಷ್ಟರಲ್ಲಿ ಅವಳ ಅತ್ತೆಯವರೂ ಪೇಪರು ಓದಿದರು. “ಈ ಸಲ ಹಬ್ಬಕ್ಕೆ ಬೇಡ, ಬಾಣಂತನವೂ ಇಲ್ಲೇ ಆಗಿಬಿಡಲಿ. ತಪ್ಪು ತಿಳಿಯಬೇಡಿ” ಎಂದು ಬಹಳ ಮೆತ್ತಗೆ ಹೇಳಿದರಂತೆ. ಮೆತ್ತಗೆ ಹೇಳಿದ್ದರಿಂದಲೇ ಅದು ಹೆಚ್ಚು ನಾಟಿತು. ತಮ್ಮನ ಹೆಂಡತಿ ಒಲೆಯ ಮುಂದೆ ಕುಳಿತು ಅಳುತ್ತಿದ್ದಳು. “ನೀವು ಚರಿತ್ರೆಯ ಮೇಷ್ಟರು. ನಾಲ್ಕು ಮಾತು ವಿಚಾರಿಸಿ ಹೇಳಿ. ಮಗಳನ್ನು ಕರೆತರುವುದೋ ಬೇಡವೋ?” ಎಂದ ತಮ್ಮ.

ಚರಿತ್ರೆಯ ಮೇಷ್ಟರಿಗೂ ಸೊಳ್ಳೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ನಾನೂ ಕೇಳಿಕೊಂಡೆ. ಮೂವತ್ತು ವರ್ಷ ಮಕ್ಕಳಿಗೆ ಪಾಣಿಪತ್ತಿನ ಯುದ್ಧಗಳನ್ನು ಉರುಹೊಡೆಸಿದವನಿಗೆ ಗರ್ಭಿಣಿಯ ಪ್ರಯಾಣದ ಬಗ್ಗೆ ಹೇಳಲು ಏನಿದೆ? ಆದರೆ ಒಮ್ಮೆ ಹುಡುಕಲು ಕುಳಿತ ಮೇಲೆ, ಈ ಪ್ರಶ್ನೆಗೂ ಒಂದು ಚರಿತ್ರೆ ಇದೆ, ಅದರ ಒಂದು ಪುಟ ನಮ್ಮ ಬೆಂಗಳೂರಿನಲ್ಲೇ ಇದೆ ಎಂದು ತಿಳಿಯಿತು.

ಮೊದಲು ಕುಂದಾಣದ ಮಾತು. ದೇವನಹಳ್ಳಿ ತಾಲ್ಲೂಕಿನ ಒಂದು ಹೋಬಳಿ ಅದು. ಹೊಯ್ಸಳ ಸೋಮೇಶ್ವರನ ತರುವಾಯ ರಾಜ್ಯ ಇಬ್ಬರು ಮಕ್ಕಳಿಗೆ ಹಂಚಿಹೋಗಿ, ದಕ್ಷಿಣದ ಪಾಲಿಗೆ ಒಡೆಯನಾದ ರಾಮನಾಥ ಕಣ್ಣನೂರನ್ನು ಕಳೆದುಕೊಂಡ ಮೇಲೆ ಇಲ್ಲಿಗೆ ಬಂದು ನೆಲೆಸಿದ ಎಂಬುದು ಒಂದು ವಾದ. ಅಲ್ಲ, ಅವನು ನೆಲೆಸಿದ್ದು ಹೊಸೂರಿನಾಚೆಯ ಕುಂದಾಣಿಯಲ್ಲಿ ಎಂಬುದು ಇನ್ನೊಂದು. ನಾನು ಕುಂದಾಣದವನಾದ್ದರಿಂದ ಯಾವ ವಾದ ಸರಿ ಎಂದು ನನ್ನನ್ನು ಕೇಳಬಾರದು. ರಾಜಧಾನಿಯೋ ಅಲ್ಲವೋ, ನೀರಿಲ್ಲದ ಸೀಮೆ ಎಂಬುದರಲ್ಲಿ ವಾದವಿಲ್ಲ. ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕೆರೆಗಳು ಮಳೆಯನ್ನು ನಂಬಿದವು. ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದವು. ಅವೂ ಸಾವಿರ ಅಡಿಗೆ ಇಳಿದವು. ನಲ್ಲಿಯಲ್ಲಿ ನೀರು ಬರುವುದು ಮೂರು ದಿನಕ್ಕೋ ನಾಲ್ಕು ದಿನಕ್ಕೋ ಒಮ್ಮೆ. ಬಂದಾಗ ಮನೆಯಲ್ಲಿರುವ ಪಾತ್ರೆ ಪರಟಿಗಳೆಲ್ಲ ತುಂಬಬೇಕು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಕಥೆಯೆಲ್ಲ ಇದರ ಸುತ್ತಲೇ ತಿರುಗುತ್ತದೆ.

ನಮ್ಮಲ್ಲಿ ಚೊಚ್ಚಲು ಬಸುರಿ ತವರಿಗೆ ಹೋಗುವುದು ಬರಿಯ ಸಂಪ್ರದಾಯವಲ್ಲ. ಅತ್ತೆಯ ಮನೆಯ ದುಡಿಮೆಯಿಂದ ಬಿಡಿಸಿಕೊಂಡು ತಾಯಿಯ ಕೈ ಅನ್ನ ಉಂಡು ಮಲಗುವ ಹಕ್ಕು ಅದು. ಹಾಗಿದ್ದೂ ಪ್ರಯಾಣಕ್ಕೆ ನೂರೆಂಟು ಕಟ್ಟುಪಾಡು. ಮೂರು ತಿಂಗಳೊಳಗೆ ಗಾಡಿ ಹತ್ತಬಾರದು, ತುಂಬಿದ ಹೊಳೆ ದಾಟಬಾರದು, ಸಂಜೆಯ ಹೊತ್ತು ಹುಣಸೆಮರದ ಕೆಳಗೆ ನಿಲ್ಲಬಾರದು. ನಮ್ಮಜ್ಜಿ ಇನ್ನೂ ಒಂದು ಸೇರಿಸುತ್ತಿದ್ದಳು: ಮಲೆನಾಡಿಗೆ ಹೆಣ್ಣು ಕೊಡಬಾರದು. ಹುಡುಗನಾಗಿದ್ದಾಗ ಅದು ಬಯಲುಸೀಮೆಯವರ ಜಂಬ ಎಂದುಕೊಂಡಿದ್ದೆ. ಜಂಬವಲ್ಲ, ಲೆಕ್ಕ. ಮಲೆನಾಡಿನ ಚಳಿಜ್ವರ ಬಸುರಿಯರನ್ನು ಹುಡುಕಿ ಹಿಡಿಯುತ್ತದೆ ಎಂದು ಹಳ್ಳಿಯ ಹೆಂಗಸರಿಗೆ ಗೊತ್ತಿತ್ತು. ಅದು ನಿಜವೆಂದು ವೈದ್ಯಶಾಸ್ತ್ರವೂ ಹೇಳುತ್ತದೆ: ಮಲೇರಿಯ ತಾಯಿಯ ರಕ್ತವನ್ನು ಕುಂದಿಸುತ್ತದೆ, ಗರ್ಭಪಾತ ತರುತ್ತದೆ, ಹುಟ್ಟಿದ ಮಗುವಿನ ತೂಕ ಇಳಿಸುತ್ತದೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ ಮಲೆನಾಡಿನ ಸುಧಾರಣೆಯ ಪ್ರಯತ್ನ ನಡೆಯಿತು. ಮುಂದೆ ಮೈಸೂರು ಸರ್ಕಾರದ ಆರೋಗ್ಯ ಇಲಾಖೆಯವರು ಅಮೆರಿಕದ ರಾಕೆಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಸೊಳ್ಳೆಯನ್ನು ಹಿಂಬಾಲಿಸಿದರು. 1953ರಲ್ಲಿ ದೇಶದಾದ್ಯಂತ ಮಲೇರಿಯ ನಿಯಂತ್ರಣದ ಕಾರ್ಯ ಹೊರಟು, ಹಳ್ಳಿಹಳ್ಳಿಯ ಗೋಡೆಗೆ ಡಿಡಿಟಿ ಬಿದ್ದ ಮೇಲೆ ಮಲೆನಾಡಿಗೂ ಹೆಣ್ಣು ಸಿಗತೊಡಗಿತು. ಅಜ್ಜಿ ಮಾತ್ರ ತನ್ನ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ಅಜ್ಜಿಯ ಲೆಕ್ಕದಲ್ಲಿ ಒಂದು ಸೌಕರ್ಯವಿತ್ತು. ಕೇಡು ಇರುವುದು ಅಲ್ಲಿ, ನಾವು ಇರುವುದು ಇಲ್ಲಿ. ಅಲ್ಲಿಗೆ ಹೋಗದಿದ್ದರೆ ಆಯಿತು. ಮೈಸೂರಿನ ಬೀಗಿತ್ತಿಯವರೂ ಅದೇ ಲೆಕ್ಕ ಹಾಕಿದ್ದರು. ಈ ಲೆಕ್ಕ ಝಿಕಾ ಸೊಳ್ಳೆಗೆ ಹೊಂದುತ್ತದೆಯೇ ಎಂಬುದು ನನ್ನ ಮುಂದಿದ್ದ ಪ್ರಶ್ನೆ.

ಈಗ ಬೆಂಗಳೂರಿನ ಪುಟಕ್ಕೆ ಬರೋಣ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರು ವರ್ಷದ ಸೇನಾ ವೈದ್ಯ ಬೆಂಗಳೂರು ದಂಡಿಗೆ ಬಂದ. ಒಳ್ಳೆಯ ಬಂಗಲೆ ಸಿಕ್ಕಿತು. ಜೊತೆಗೆ ಸೊಳ್ಳೆಯೂ ಸಿಕ್ಕಿತು. ಮಿಕ್ಕ ಕೋಣೆಗಳಿಗಿಂತ ತನ್ನ ಕೋಣೆಯಲ್ಲೇ ಏಕೆ ಇಷ್ಟು ಸೊಳ್ಳೆ ಎಂದು ಹುಡುಕಿದರೆ, ಕಿಟಕಿಯ ಹೊರಗೇ ಒಂದು ನೀರಿನ ತೊಟ್ಟಿ. ಅದರಲ್ಲಿ ಮರಿಹುಳುಗಳು ಮಿಜಿಗುಟ್ಟುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿದ, ಸೊಳ್ಳೆ ಹೋಯಿತು. ಉತ್ಸಾಹದಿಂದ ದಂಡಿನ ಅಧಿಕಾರಿಯ ಬಳಿಗೆ ಓಡಿ, ಊಟದ ಮನೆಯಲ್ಲೂ ಹೀಗೇ ಮಾಡಬಹುದು, ತೋಟದ ತೊಟ್ಟಿಗಳಲ್ಲಿ, ಹೂದಾನಿಗಳಲ್ಲಿ, ಇರುವೆ ಹತ್ತದಂತೆ ಮೇಜಿನ ಕಾಲಿಗೆ ಇಟ್ಟ ನೀರಿನ ಡಬ್ಬಿಗಳಲ್ಲಿ ಕೂಡ ಹುಳುಗಳಿವೆ ಎಂದ. ಅಧಿಕಾರಿ ಹಾಸ್ಯ ಮಾಡಿ ಕಳುಹಿಸಿದ. ಇದೇ ರಾಸ್ ಹದಿನಾಲ್ಕು ವರ್ಷದ ಮೇಲೆ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಪರೋಪಜೀವಿಯನ್ನು ಕಂಡು ಲೋಕಪ್ರಸಿದ್ಧನಾದ. ಆ ದೊಡ್ಡ ಶೋಧನೆಯನ್ನು ಎಲ್ಲರೂ ಬಲ್ಲರು. ಆದರೆ ನನಗೆ ಬೆಂಗಳೂರಿನ ಆ ತೊಟ್ಟಿಯೇ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ರೋಗ ಯಾವುದೆಂದು ತಿಳಿಯುವ ಮೊದಲೇ ಮದ್ದು ಕೈಗೆ ಸಿಕ್ಕಿತ್ತು. ಬೋರಲು ಹಾಕಲು ಅಪ್ಪಣೆ ಸಿಗಲಿಲ್ಲ.

ಝಿಕಾ ಎಂಬುದು ಒಂದು ಕಾಡಿನ ಹೆಸರು. ಆಫ್ರಿಕದ ಉಗಾಂಡ ದೇಶದಲ್ಲಿ ಎಂಟೆಬೆ ಪಟ್ಟಣದ ಹತ್ತಿರ ಇದೆ. ಅಲ್ಲಿ ಹಳದಿಜ್ವರದ ಸಂಶೋಧನೆಗೆಂದು ಮರದ ಮೇಲೆ ಪಂಜರದಲ್ಲಿ ಮಂಗಗಳನ್ನು ಕೂರಿಸಿದ್ದರು. 1947ರ ಏಪ್ರಿಲ್‌ನಲ್ಲಿ 766ನೆಯ ನಂಬರಿನ ಮಂಗಕ್ಕೆ ಜ್ವರ ಬಂತು. ಅದರ ರಕ್ತದಿಂದ ಹೊರಟದ್ದು ಹಳದಿಜ್ವರವಲ್ಲ, ಬೇರೊಂದು. ಆ ಮಂಗ ರೀಸಸ್ ಜಾತಿಯದು, ಅಂದರೆ ಉತ್ತರ ಹಿಂದೂಸ್ತಾನದ ಗುಡಿಗಳಲ್ಲಿ ಬಾಳೆಹಣ್ಣು ಕಸಿಯುವ ಜಾತಿ. ಮರುವರ್ಷ ಅದೇ ಕಾಡಿನ ಈಡಿಸ್ ಕುಲದ ಸೊಳ್ಳೆಯಲ್ಲೂ ಆ ವೈರಾಣು ಸಿಕ್ಕಿತು. 1952ರಲ್ಲಿ ನಮ್ಮ ಪುಣೆಯಲ್ಲಿ ವೈರಸ್ ಸಂಶೋಧನ ಕೇಂದ್ರ ಸ್ಥಾಪನೆಯಾಯಿತು. ಕೆಲವೇ ವರ್ಷದಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಮಂಗನ ಕಾಯಿಲೆಯನ್ನು ಪರೀಕ್ಷಿಸಿದವರೂ ಇವರೇ. ಅವರು ಆರಂಭದಲ್ಲಿಯೇ ಈ ದೇಶದ 196 ಮಂದಿಯ ರಕ್ತವನ್ನು ಪರೀಕ್ಷಿಸಿ, 33 ಮಂದಿಯಲ್ಲಿ ಝಿಕಾವನ್ನು ಎದುರಿಸಿದ ಗುರುತು ಇದೆ ಎಂದು 1954ರಲ್ಲಿ ಪ್ರಕಟಿಸಿದರು. ಡೆಂಗಿಯ ಗುರುತೂ ಹೆಚ್ಚುಕಡಮೆ ಹಾಗೆಯೇ ಇರುವುದರಿಂದ ಆ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ ಎಂದು ಈಗಿನ ತಜ್ಞರ ಅಭಿಪ್ರಾಯ. ಅದೇನೇ ಇರಲಿ, ಯಾರೂ ಗಾಬರಿಯಾಗಲಿಲ್ಲ. ನಾಲ್ಕು ದಿನ ಸಣ್ಣ ಜ್ವರ, ಮೈಮೇಲೆ ಒಂದಿಷ್ಟು ಕೆಂಪು, ಕಣ್ಣು ಕೆಂಪು. ಐವರಲ್ಲಿ ನಾಲ್ವರಿಗೆ ಅದೂ ಇಲ್ಲ. ಇಷ್ಟು ಸಾಧುವಾದ ರೋಗವನ್ನು ಕಟ್ಟಿಕೊಂಡು ಯಾರಿಗೆ ಏನಾಗಬೇಕು?

ಗರ್ಭದಲ್ಲಿರುವ ಮಗುವಿಗೆ ಆಗಬೇಕಾಗಿತ್ತು. ತಾಯಿಗೆ ಸಾಧುವಾದದ್ದು ಮಗುವಿಗೆ ಸಾಧುವಲ್ಲ ಎಂಬ ತಿಳಿವು ಹಳೆಯದೇ. 1941ರಲ್ಲಿ ಆಸ್ಟ್ರೇಲಿಯದ ನಾರ್ಮನ್ ಗ್ರೆಗ್ ಎಂಬ ಕಣ್ಣಿನ ವೈದ್ಯ, ಹುಟ್ಟುತ್ತಲೇ ಕಣ್ಣಿಗೆ ಪೊರೆ ಬಂದ ಕೂಸುಗಳು ಏಕೆ ಇಷ್ಟೊಂದು ಬರುತ್ತಿವೆ ಎಂದು ಆಲೋಚಿಸಿ, ತಾಯಂದಿರಿಗೆ ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲ ಎಂಬ ಸಣ್ಣ ದಡಾರ ಬಂದಿತ್ತೆಂದು ಕಂಡುಹಿಡಿದ. ಝಿಕಾದ ಸಂಗತಿ ಬಯಲಾಗಲು ಇನ್ನೂ ಎಪ್ಪತ್ತು ವರ್ಷಕ್ಕೂ ಮೀರಿ ಕಾಯಬೇಕಾಯಿತು. ಅದು ಆಫ್ರಿಕದಿಂದ ಏಷ್ಯಕ್ಕೆ, 2007ರಲ್ಲಿ ಶಾಂತಸಾಗರದ ಯಾಪ್ ದ್ವೀಪಕ್ಕೆ, 2013ರಲ್ಲಿ ಫ್ರೆಂಚ್ ಪಾಲಿನೇಷ್ಯಕ್ಕೆ, ಅಲ್ಲಿಂದ ಬ್ರೆಜಿಲ್‌ಗೆ ದಾಟಿತು. 2015ರ ಮಳೆಗಾಲ ಕಳೆಯುವ ಹೊತ್ತಿಗೆ ಬ್ರೆಜಿಲಿನ ಈಶಾನ್ಯದ ರೆಸಿಫೆ ನಗರದಲ್ಲಿ ವನೆಸ್ಸ ವಾನ್ ಡೆರ್ ಲಿಂಡೆನ್ ಎಂಬ ಮಕ್ಕಳ ನರವೈದ್ಯೆ ಒಂದು ವಿಚಿತ್ರ ಕಂಡಳು: ತೀರ ಸಣ್ಣ ತಲೆಯ ಕೂಸುಗಳು, ಒಂದರ ಹಿಂದೆ ಒಂದು. ಅವಳ ತಾಯಿ ಆನಾ ಕೂಡ ಅದೇ ವಿದ್ಯೆಯ ವೈದ್ಯೆ. ತಾಯಿಯೂ ತನ್ನ ಆಸ್ಪತ್ರೆಯಲ್ಲಿ ಅದನ್ನೇ ಕಂಡಿದ್ದಳು. ತಾಯಿ ಮಗಳು ಮಾತಾಡಿಕೊಂಡರು, ಸರ್ಕಾರಕ್ಕೆ ತಿಳಿಸಿದರು. ಪಕ್ಕದ ಪರೈಬ ಪ್ರಾಂತದ ಆಡ್ರಿಯಾನ ಮೆಲೊ ಎಂಬ ಪ್ರಸೂತಿ ವೈದ್ಯೆ ಬಸುರಿಯರ ಗರ್ಭದ ನೀರನ್ನು ಪರೀಕ್ಷೆಗೆ ಕಳುಹಿಸಿದಾಗ ಅದರಲ್ಲಿ ಝಿಕಾ ಸಿಕ್ಕಿತು. ನವೆಂಬರಿನಲ್ಲಿ ಬ್ರೆಜಿಲ್, 2016ರ ಫೆಬ್ರವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತುಪರಿಸ್ಥಿತಿ ಸಾರಿದವು. ಚರಿತ್ರೆಯ ಪುಸ್ತಕಗಳಲ್ಲಿ ತಾಯಿ ಮಗಳು ಮಾತಾಡಿಕೊಂಡದ್ದರಿಂದ ಲೋಕಕ್ಕೆ ತಿಳಿವು ಬಂದ ಪ್ರಸಂಗಗಳು ಕಡಮೆ. ಅದಕ್ಕೇ ಇದನ್ನು ವಿಸ್ತಾರವಾಗಿ ಬರೆದೆ.

ಇನ್ನೊಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಬ್ರೆಜಿಲಿನ ಆ ಈಶಾನ್ಯ ಭಾಗ ಬರಗಾಲದ ನಾಡು. ನಲ್ಲಿಯ ನೀರು ನೆಚ್ಚಿಕೆಯದಲ್ಲ. ಬಡವರ ಕೇರಿಗಳಲ್ಲಿ ನೀರನ್ನು ಪೀಪಾಯಿಗಳಲ್ಲಿ, ತೊಟ್ಟಿಗಳಲ್ಲಿ ಹಿಡಿದಿಡುತ್ತಾರೆ. ರೋಗ ಹೊಡೆದದ್ದು ಆ ಕೇರಿಗಳ ಹೆಂಗಸರನ್ನೇ ಹೆಚ್ಚಾಗಿ. ಭೂಪಟದಲ್ಲಿ ಅರ್ಧ ಲೋಕದಾಚೆ ಇರುವ ಊರು ನಮ್ಮ ದೇವನಹಳ್ಳಿ, ಶಿಡ್ಲಘಟ್ಟದ ಸೀಮೆಯ ಹಾಗೆಯೇ ಕಾಣಿಸಿತು.

ಆಗ ಸರ್ಕಾರಗಳು ಹೇಳಿದ್ದೇನು? ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶದ ಅಧಿಕಾರಿಗಳು 2016ರ ಜನವರಿಯಲ್ಲಿ, ಹೆಂಗಸರು 2018ರವರೆಗೆ ಬಸುರಾಗದಿದ್ದರೆ ಒಳ್ಳೆಯದು ಎಂದರು. ಎರಡು ವರ್ಷ! ಯಾವ ಕಾರಣಕ್ಕೂ ಗರ್ಭಪಾತಕ್ಕೆ ಅವಕಾಶವಿಲ್ಲದ ದೇಶ ಅದು. ತೊಟ್ಟಿ ಬೋರಲು ಹಾಕುವ ಹೊಣೆ ಯಾರದು ಎಂಬುದು ತೀರ್ಮಾನವಾಗುವ ಮೊದಲೇ ಹೆಣ್ಣಿನ ಹೊಣೆ ತೀರ್ಮಾನವಾಗಿತ್ತು.

ಇದು ದೂರದ ಮಾತು ಎಂದುಕೊಳ್ಳಬೇಡಿ. ಅದೇ ವರ್ಷ ನನ್ನ ತಂಗಿಯ ಮಗ ಕಂಪನಿಯ ಕೆಲಸಕ್ಕೆ ನಾಲ್ಕು ತಿಂಗಳು ಬ್ರೆಜಿಲ್‌ಗೆ ಹೋಗಿ ಸೆಪ್ಟೆಂಬರಿನಲ್ಲಿ ಹಿಂದಿರುಗಿದ. ಮದುವೆಯಾಗಿ ಮೂರು ವರ್ಷ; ಗಂಡಹೆಂಡಿರು ಮಗುವಿನ ಆಸೆಯಲ್ಲಿದ್ದರು. ಸೊಳ್ಳೆಯಿಂದಲೇ ಅಲ್ಲದೆ ಗಂಡನಿಂದ ಹೆಂಡತಿಗೂ ಈ ವೈರಾಣು ದಾಟುತ್ತದೆ ಎಂಬುದು ಅಷ್ಟರಲ್ಲಿ ಖಚಿತವಾಗಿತ್ತು. ಅದು ಮೊದಲು ತಿಳಿದದ್ದೂ ಒಂದು ಸ್ವಾರಸ್ಯದ ಕಥೆ. ಬ್ರಯನ್ ಫಾಯ್ ಎಂಬ ಅಮೆರಿಕದ ಕೀಟಶಾಸ್ತ್ರಜ್ಞ 2008ರಲ್ಲಿ ಸೆನೆಗಾಲಿನಲ್ಲಿ ಸೊಳ್ಳೆ ಹಿಡಿಯಲು ಹೋಗಿ ಸೊಳ್ಳೆ ಕಚ್ಚಿಸಿಕೊಂಡು ಊರಿಗೆ ಬಂದ. ಕೆಲವೇ ದಿನದಲ್ಲಿ ಊರು ಬಿಟ್ಟು ಹೋಗದ ಅವನ ಹೆಂಡತಿಗೂ ಅದೇ ಜ್ವರ. ವೀರ್ಯದಲ್ಲಿ ಈ ವೈರಾಣು ರಕ್ತದಲ್ಲಿರುವುದಕ್ಕಿಂತ ಬಹುಕಾಲ ಉಳಿಯುತ್ತದೆ. ಆದ್ದರಿಂದ 2016ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಅಂಥ ದೇಶದಿಂದ ಬಂದವರು ಆರು ತಿಂಗಳು ಕಾಯಬೇಕು ಎಂದಿತು. (ಆಮೇಲೆ ಪರೀಕ್ಷೆಗಳು ಹೆಚ್ಚಿ ತಿಳಿವು ಬಲಿತ ಮೇಲೆ ಗಂಡಸಿಗೆ ಮೂರು ತಿಂಗಳು, ಹೆಂಗಸಿಗೆ ಎರಡು ತಿಂಗಳು ಎಂದು ಇಳಿಸಿದರು. ಹೆಂಡತಿ ಆಗಲೇ ಬಸುರಿಯಾಗಿದ್ದರೆ, ಹೆರಿಗೆಯಾಗುವ ತನಕ ಕಾಂಡೋಮ್ ಬಳಸಬೇಕು ಇಲ್ಲವೇ ದೂರವಿರಬೇಕು. ಮರ್ಯಾದೆಯ ಪತ್ರಿಕೆಯಲ್ಲಿ ಇದನ್ನೆಲ್ಲ ಬರೆಯಬೇಕೆ ಎಂದು ಹುಬ್ಬೇರಿಸುವವರು ನನ್ನ ತಂಗಿಯ ಮನೆಯ ಕಥೆಯನ್ನು ಪೂರ್ತಿ ಕೇಳಬೇಕು.)

ಹುಡುಗ ಸಂಕೋಚದವನು. ವೈದ್ಯರು ಹೇಳಿದ್ದನ್ನು ಹೆಂಡತಿಗೆ ಹೇಳಿದ, ತಾಯಿಗೆ ಹೇಳಲಿಲ್ಲ. ಆರು ತಿಂಗಳು ಕಾದರು. ಆ ಆರು ತಿಂಗಳಲ್ಲಿ ಮನೆಗೆ ಬಂದುಹೋದವರೆಲ್ಲ ಸೊಸೆಯ ಹೊಟ್ಟೆಯನ್ನು ನೋಡಿ ನಿಟ್ಟುಸಿರಿಟ್ಟರು. ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತರು. ಯಾರೋ ಒಬ್ಬಾಕೆ ‘ಬಂಜೆ’ ಎಂಬ ಮಾತನ್ನೇ ಆಡಿಬಿಟ್ಟಳು. ಆ ಹುಡುಗಿ ತುಟಿ ಬಿಚ್ಚಲಿಲ್ಲ. ಕೊನೆಗೆ ನಿಜ ತಿಳಿದಾಗ ನನ್ನ ತಂಗಿ ಮಗನನ್ನು ನಿಲ್ಲಿಸಿ ಕೇಳಿದಳು: “ದೇಶ ಸುತ್ತಿ ಬಂದವನು ನೀನು. ಮಾತು ಕೇಳಬೇಕಾದವಳು ಇವಳೇನೋ?” ಈಗ ಅವರಿಗೆ ಇಬ್ಬರು ಮಕ್ಕಳು. ಆದರೂ ಆ ಆರು ತಿಂಗಳನ್ನು ಆ ಹುಡುಗಿ ಮರೆತಿಲ್ಲವೆಂದು ನನಗೆ ಗೊತ್ತು.

ಈ ಹಿಂದಿನ ಕಥೆ ಮನಸ್ಸಿನಲ್ಲಿದ್ದುದರಿಂದಲೇ ತಮ್ಮನಿಗೆ ಟೆಲಿಫೋನಿನಲ್ಲಿ ಥಟ್ಟನೆ ಉತ್ತರ ಕೊಡಲಿಲ್ಲ. ಪರಿಚಯದ ಒಬ್ಬ ಪ್ರಸೂತಿ ವೈದ್ಯೆಯನ್ನು ಕಂಡೆ. ಆಕೆ ಹೋಗಬಹುದು, ಹೋಗಬಾರದು ಎಂದು ಒಂದೇ ಏಟಿಗೆ ಹೇಳಲಿಲ್ಲ. ಎಷ್ಟನೆಯ ತಿಂಗಳು, ಎಷ್ಟು ದಿನ ಇರುತ್ತಾಳೆ, ಊರಲ್ಲಿ ಯಾರಿಗಾದರೂ ಜ್ವರವಿದೆಯೇ, ಗಂಡ ಎಲ್ಲೆಲ್ಲಿ ತಿರುಗುತ್ತಾನೆ ಎಂದು ಕೇಳಿದರು. ಕೊನೆಗೆ, ಎರಡೂ ಮನೆಯಲ್ಲಿ ನೀರನ್ನು ಹೇಗೆ ಹಿಡಿದಿಡುತ್ತೀರಿ ಎಂದರು. “ಎರಡೂ ಮನೆಯಲ್ಲಿ” ಎಂಬುದನ್ನು ಒತ್ತಿ ಹೇಳಿದರು. ಬಸುರಿಗೆ ಝಿಕಾ ತಗುಲಿದರೆ ಮಕ್ಕಳಿಗೆ ತೊಂದರೆಯಾಗುವುದು ನೂರರಲ್ಲಿ 5ರಿಂದ 15ರವರೆಗೆ. ಮೊದಲ ಮೂರು ತಿಂಗಳಲ್ಲಿ ಅಪಾಯ ಹೆಚ್ಚು, ಆಮೇಲೆ ಇಲ್ಲವೆಂದಲ್ಲ. ಲಸಿಕೆ ಇಲ್ಲ. ಆದರೆ ನಮ್ಮ ಕಡೆ ಬಸುರಿಗೆ ದಿನನಿತ್ಯ ಎದುರಾಗುವ ಭಯ ಝಿಕಾಕ್ಕಿಂತ ಡೆಂಗಿಯದು: ರಕ್ತಸ್ರಾವ, ಅಕಾಲ ಹೆರಿಗೆ. ಹೆರಿಗೆಯ ಹೊತ್ತಿಗೆ ತಾಯಿಗೆ ಚಿಕುನ್‌ಗುನ್ಯ ಬಂದರೆ ಕೂಸಿಗೂ ದಾಟಬಹುದು. ಮೂರಕ್ಕೂ ವಾಹನ ಒಂದೇ ಜಾತಿಯ ಸೊಳ್ಳೆ.

ಆ ಈಡಿಸ್ ಸೊಳ್ಳೆಯ ನಡವಳಿಕೆ ಕೇಳಿದಾಗ ಅಜ್ಜಿಯ ಲೆಕ್ಕ ನನ್ನ ಕೈಯಿಂದ ಜಾರಿತು. ಮಲೇರಿಯದ ಸೊಳ್ಳೆಯ ಹಾಗೆ ಅದು ರಾತ್ರಿ ಬರುವುದಿಲ್ಲ, ಹಗಲು ಕಚ್ಚುತ್ತದೆ. ಬೆಳಗ್ಗೆ, ಮತ್ತೆ ಸಂಜೆಯ ಮುಂಚೆ ಜೋರು. ರಾತ್ರಿ ಪರದೆ ಕಟ್ಟಿಕೊಂಡು ಮಲಗಿ, ಮಧ್ಯಾಹ್ನ ಊಟವಾದ ಮೇಲೆ ಬರಿಯ ಚಾಪೆಯ ಮೇಲೆ ಒರಗುವ ಬಸುರಿ ಅದಕ್ಕೆ ಬಡಿಸಿಟ್ಟ ಎಲೆ. ಕೆರೆ, ಹೊಂಡ, ಚರಂಡಿ ಅದಕ್ಕೆ ಬೇಡ. ಮನೆಯೊಳಗಿನ, ಹಿತ್ತಲಿನ ತಿಳಿನೀರು ಬೇಕು. ಒಣಗಿದ ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿದ್ದು ನೀರು ಬಿದ್ದಾಗ ಒಡೆಯುತ್ತದೆ. ತನ್ನ ರೆಕ್ಕೆಯಲ್ಲಿ ಅದು ಹೋಗುವುದು ಕೆಲವು ನೂರು ಮೀಟರು. ತಲಕಾಯಲಬೆಟ್ಟದ ಸೊಳ್ಳೆ ಕುಂದಾಣಕ್ಕೆ ಹಾರಿ ಬರಲಾರದು. ಬಂದರೆ ಬರುವುದು ಮನುಷ್ಯನ ರಕ್ತದಲ್ಲಿ, ಬಸ್ಸಿನಲ್ಲಿ ಟಿಕೆಟು ಕೊಂಡು. ಕುಂದಾಣಕ್ಕೆ ಬರುವ ಹಾಗೆಯೇ ಮೈಸೂರಿಗೂ ಬರುತ್ತದೆ. 2008ರಿಂದ ನಮ್ಮ ದೇವನಹಳ್ಳಿಯಲ್ಲಿ ಲೋಕದ ನಾನಾ ದೇಶದ ವಿಮಾನ ಇಳಿಯುತ್ತಿರುವಾಗ ಯಾವ ಊರನ್ನು ‘ಅಲ್ಲಿ’ ಎನ್ನುವುದು, ಯಾವುದನ್ನು ‘ಇಲ್ಲಿ’ ಎನ್ನುವುದು?

ನಾಲ್ಕು ವರ್ಷದ ಸುದ್ದಿಯನ್ನು ಜೋಡಿಸಿದರೂ ಇದೇ ಕಾಣುತ್ತದೆ. 2021ರ ಜುಲೈನಲ್ಲಿ ಕೇರಳದಲ್ಲಿ ಮೊದಲು ಪತ್ತೆಯಾದದ್ದು ತಿರುವನಂತಪುರ ಜಿಲ್ಲೆಯ ಪಾರಶ್ಶಾಲೆಯ 24 ವರ್ಷದ ಬಸುರಿಯಲ್ಲಿ. ಆಕೆ ರಾಜ್ಯ ಬಿಟ್ಟು ಹೋದವಳೇ ಅಲ್ಲ. 2022ರ ಡಿಸೆಂಬರಿನಲ್ಲಿ ಕರ್ನಾಟಕದ ಮೊದಲ ಝಿಕಾ ರೋಗಿ ರಾಯಚೂರು ಜಿಲ್ಲೆಯ ಐದು ವರ್ಷದ ಹುಡುಗಿ. ಅವಳೂ ಎಲ್ಲಿಗೂ ಹೋಗಿರಲಿಲ್ಲ. ಮುಂದೆ 2024ರಲ್ಲಿ ಪುಣೆ ನಗರದಲ್ಲಿ ಹರಡಿ ಅನೇಕ ಗರ್ಭಿಣಿಯರಿಗೆ ತಗುಲಿತು. ಆಗಸ್ಟಿನಲ್ಲಿ ನಮ್ಮ ಜಿಗಣಿಯಲ್ಲೂ ಕಂಡಿತು. ತಲಕಾಯಲಬೆಟ್ಟದಲ್ಲಾದರೋ ವೈರಾಣು ಸಿಕ್ಕಿದ್ದು ಸೊಳ್ಳೆಯಲ್ಲಿ. ಆರೋಗ್ಯ ಇಲಾಖೆಯವರು ಸುತ್ತ ಐದು ಕಿಲೋಮೀಟರಿನ ಹಳ್ಳಿಗಳಲ್ಲಿ ಜ್ವರ ಇದ್ದವರ ಜೊತೆಗೆ ಬಸುರಿಯರ ರಕ್ತವನ್ನೂ ಪರೀಕ್ಷೆಗೆ ಕಳುಹಿಸಿದರು. ಆ ಹಳ್ಳಿಗಳ ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕು? ಅವರಿಗೆ ಅದೇ ತವರು, ಅದೇ ಅತ್ತೆಮನೆ. ಹೋಗುವುದೋ ಬಿಡುವುದೋ ಎಂದು ಚರ್ಚಿಸುವ ಭಾಗ್ಯ ಇದ್ದವರು ನಾವು.

ವೈದ್ಯೆಯ ಮಾತಿನ ಮೇಲೆ ಆ ಭಾನುವಾರ ಕುಂದಾಣಕ್ಕೆ ಹೋದೆ. ತಮ್ಮ ಕೆರೆಯನ್ನು ತೋರಿಸಿ ಬೈಯತೊಡಗಿದ. ಬೆಂಗಳೂರಿನ ಕೊಳಚೆಯನ್ನು ಶುದ್ಧಿಮಾಡಿ ನಮ್ಮ ತಾಲ್ಲೂಕಿನ ಕೆರೆಗಳಿಗೆ ತುಂಬಿಸುತ್ತಿರುವುದರಿಂದ ಇದೆಲ್ಲ ಎಂದು ಅವನ ಸಿದ್ಧಾಂತ. ಆ ನೀರಿನ ಬಗ್ಗೆ ಬೇರೆ ದೂರುಗಳಿರಬಹುದು; ಈ ಸೊಳ್ಳೆಗೆ ಅದು ಸಲ್ಲದು. ಹಿತ್ತಲಿಗೆ ನಡೆ ಎಂದೆ. ಸಂಪಿನ ಮುಚ್ಚಳದ ಒಂದು ಮೂಲೆ ಒಡೆದಿತ್ತು. ನಾಲ್ಕು ನೀಲಿ ಡ್ರಮ್ಮುಗಳಲ್ಲಿ ಎರಡಕ್ಕೆ ಮುಚ್ಚಳವಿಲ್ಲ. ಟ್ರ್ಯಾಕ್ಟರಿನ ಹಳೆಯ ಟೈರು, ಕರುವಿಗೆ ನೀರಿಡುವ ಸಿಮೆಂಟಿನ ಬಾನಿ, ತೆಂಗಿನ ಕರಟಗಳು. ನುಗ್ಗೆಮರದ ಕೆಳಗೆ ನಮ್ಮಮ್ಮ ದೋಸೆಹಿಟ್ಟು ರುಬ್ಬುತ್ತಿದ್ದ ಒರಳುಕಲ್ಲು, ಮಿಕ್ಸಿ ಬಂದ ಮೇಲೆ ಹೊರಗೆ ಬಿದ್ದದ್ದು. ಅದರ ಗುಳಿಯಲ್ಲಿ ನಿಂತ ಮಳೆನೀರನ್ನು ಬಗ್ಗಿ ನೋಡಿದರೆ ಹುಳುಗಳು ಡೊಂಕುಡೊಂಕಾಗಿ ಕುಣಿಯುತ್ತಿದ್ದವು. ಒಳಗೆ ಬಂದರೆ ತಿಂಡಿಯ ಬೀರುವಿನ ನಾಲ್ಕು ಕಾಲಿಗೂ ಇರುವೆಗೆಂದು ನೀರಿನ ಬಟ್ಟಲು; ನನಗೆ ರಾಸ್ ಸಾಹೇಬ ನೆನಪಾದ. “ಇವೆಲ್ಲ ನಾವು ಹುಟ್ಟಿದಾಗಿನಿಂದ ಇದ್ದದ್ದೇ, ಅಣ್ಣಯ್ಯ” ಎಂದ ತಮ್ಮ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಎಲ್ಲವನ್ನೂ ಬರಿದುಮಾಡಿ ಉಜ್ಜಿ ಒಣಗಿಸಬೇಕು ಎಂದು ಹೇಳಿದೆ. ನಾಲ್ಕು ದಿನಕ್ಕೊಮ್ಮೆ ಬರುವ ನೀರನ್ನು ಚೆಲ್ಲುವುದು ಹೇಗೆ ಎಂದು ತಮ್ಮನ ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ನೀರು ಚೆಲ್ಲಿ ಎಂದು ಕರಪತ್ರ ಹಂಚುವವರ ನಲ್ಲಿಯಲ್ಲಿ ದಿನವೂ ನೀರು ಬರುತ್ತದೆಯೋ ಏನೋ. ಚೆಲ್ಲಲಾಗದ್ದನ್ನು ಬಿಗಿಯಾಗಿ ಮುಚ್ಚುವುದು, ಮುಚ್ಚಲಾಗದ್ದಕ್ಕೆ ಬಟ್ಟೆ ಕಟ್ಟುವುದು ಎಂದು ಒಪ್ಪಂದವಾಯಿತು.

ಮಗಳು ಹಬ್ಬಕ್ಕೆ ಬರಲಿಲ್ಲ. ಮೂರು ತಿಂಗಳು ಆಗತಾನೆ ಕಳೆದಿದೆ, ಮಳೆಯ ತೇವ ಇನ್ನೂ ಆರಿಲ್ಲ, ಸುದ್ದಿ ಇನ್ನೂ ತಿಳಿಯಾಗಿಲ್ಲ. ಈಗ ಬೇಡವೆಂದು ನಾನೇ ಹೇಳಿದೆ. ಬೀಗಿತ್ತಿಯವರ ಭಯ ಮೂಢನಂಬಿಕೆಯಾಗಿರಲಿಲ್ಲ. ಹಬ್ಬದ ಉಡುಗೊರೆ ತೆಗೆದುಕೊಂಡು ನಾನು ಮೈಸೂರಿಗೆ ಹೋದೆ. ಅವರ ಮನೆ ಬಲು ಚೊಕ್ಕಟ. ಮಹಡಿಯ ಮೇಲೆ ನಲವತ್ತು ಹೂಕುಂಡ, ಪ್ರತಿಯೊಂದರ ಕೆಳಗೂ ಒಂದು ತಟ್ಟೆ, ತಟ್ಟೆಯ ತುಂಬ ತಿಳಿನೀರು. ಮನೆಗೆ ಬಂದ ಬೀಗರು ಹೂಕುಂಡ ಎತ್ತಿ ನೋಡುವುದು ಶಿಷ್ಟಾಚಾರವಲ್ಲ. ನಾನು ಬೆಂಗಳೂರಿನ ತೊಟ್ಟಿಯ ಕಥೆಯನ್ನು ಮಾತ್ರ ಹೇಳಿದೆ. ಆಕೆ ದಂಡಿನ ಅಧಿಕಾರಿಯಲ್ಲ. ಕೇಳುತ್ತ ಕೇಳುತ್ತ ಎದ್ದುಹೋಗಿ ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಕಾಫಿ ತಂದುಕೊಟ್ಟಾಗ, “ಮಾಘಮಾಸದಲ್ಲಿ ಕಳುಹಿಸುತ್ತೇನೆ. ನಿಮ್ಮ ತಮ್ಮನವರು ಸಂಪಿಗೆ ಹೊಸ ಮುಚ್ಚಳ ಮಾಡಿಸಿರಬೇಕು” ಎಂದರು.

ಮಾಡಿಸಿದ್ದ. ಏಳನೆಯ ತಿಂಗಳಲ್ಲಿ ಮಗಳು ತವರಿಗೆ ಬಂದಳು. ತುಂಬುತೋಳಿನ ರವಿಕೆ, ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ ಕೈಕಾಲಿಗೆ ಸೊಳ್ಳೆಯ ಮುಲಾಮು, ಮಧ್ಯಾಹ್ನದ ನಿದ್ದೆಗೂ ಪರದೆ. ಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗದೆ ಆ ದಿನವೇ ವೈದ್ಯರನ್ನು ಕಾಣಬೇಕೆಂದು ಕಟ್ಟಪ್ಪಣೆ. ಹಗಲು ಪರದೆ ಕಟ್ಟುವುದನ್ನು ಕಂಡು ಊರ ಹೆಂಗಸರು ನಕ್ಕರು. ಅವಳಿಗೂ ನಾಚಿಕೆ. “ದೊಡ್ಡಪ್ಪ, ಪಂಜರದಲ್ಲಿಟ್ಟ ಹಾಗೆ ಇಟ್ಟಿದ್ದೀರಿ” ಎಂದಳು. ಉಗಾಂಡದ 766ನೆಯ ಮಂಗದ ಕಥೆ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಮೇ ತಿಂಗಳಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ದಾದಿ ತೂಕ ಹಾಕಿದಳು. ಆಮೇಲೆ ಟೇಪು ತೆಗೆದು ತಲೆಯ ಸುತ್ತಳತೆ ಹಿಡಿದಳು. ಎಲ್ಲ ಕೂಸುಗಳಿಗೂ ಹಿಡಿಯುವುದೇ. ಆದರೂ ಆ ಕ್ಷಣ ಬಾಗಿಲ ಹೊರಗೆ ನಿಂತಿದ್ದ ಬೀಗರಿಬ್ಬರೂ ಕೈ ಕೈ ಹಿಡಿದುಕೊಂಡಿದ್ದರು. “ಎಷ್ಟಮ್ಮ?” ಎಂದು ಮೊದಲು ಕೇಳಿದವರು ಮೈಸೂರಿನವರು. “ಮೂವತ್ತನಾಲ್ಕು ಸೆಂಟಿಮೀಟರು” ಎಂದಳು ದಾದಿ, ಇದನ್ನೆಲ್ಲ ಏಕೆ ಕೇಳುತ್ತಾರೋ ಎಂಬಂತೆ.

ನುಗ್ಗೆಮರದ ಕೆಳಗಿನ ಒರಳುಕಲ್ಲನ್ನು ಬೋರಲು ಹಾಕಲು ನಾನೂ ತಮ್ಮನೂ ಇಬ್ಬರೂ ಸೇರಿದರೂ ಆಗಲಿಲ್ಲ. ಅದರ ಗುಳಿಗೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದಾರೆ. ಕೂಸಿಗೆ ಶೀತವಾದಾಗ ಅದರ ಎಲೆಯನ್ನೇ ಬಾಡಿಸಿ ರಸ ಹಿಂಡುತ್ತಾರೆ.